ಎಂಜಲು ಕೊಟ್ಟು 46 ಪುಟ ತಂದೆ: ಮನೆಗೇ ಬರುವ ಜೀನ್ ಟೆಸ್ಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. 5ಕ್ಕೆ 2 ಸ್ಟಾರ್. ಅದರಲ್ಲೂ ಒಂದು ಸ್ಟಾರ್ ಫೋನಿನಲ್ಲಿ ಮಾತಾಡಿದ ಹುಡುಗಿಗೆ ಸೇರಬೇಕು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಥರದ ಡಬ್ಬಿ ಮಾರುವವರು ಈಗ ಒಬ್ಬಿಬ್ಬರಲ್ಲ. ನನ್ನ ತಕರಾರು ಡಬ್ಬಿಯ ಮೇಲೆ.

ಇದನ್ನು ಯಾಕೆ ಕೊಂಡೆ ಅಂತ ಹೇಳದೆ ಹೋದರೆ ನನ್ನ ಸಿಟ್ಟು ನಿಮಗೆ ಅರ್ಥ ಆಗುವುದಿಲ್ಲ. ತುಮಕೂರಿನಲ್ಲಿ ನಮ್ಮದೊಂದು ಡಿಟಿಪಿ ಸೆಂಟರ್ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ವರ್ಷಕ್ಕೆ ಮೂರ್ನಾಲ್ಕು ಪುಸ್ತಕ. ಡಿಸೈನ್ ನಮ್ಮ ಯಜಮಾನರದ್ದು, ಕರಡು ತಿದ್ದುವುದು ನನ್ನದು. 18 ವರ್ಷದಿಂದ ಒತ್ತಕ್ಷರ, ದೀರ್ಘ, ಅರ್ಕಾವತ್ತು ಅಂತ ನೋಡಿ ನೋಡಿ ಕಣ್ಣು ಎಲ್ಲಿ ಹೋದರೂ ತಪ್ಪನ್ನೇ ಹುಡುಕುತ್ತದೆ. ಹೋಟೆಲಿನ ಮೆನು ಓದಿದರೂ ಪೆನ್ನು ಬೇಕು ಅನ್ನಿಸುತ್ತದೆ.

2012ರಲ್ಲಿ ಕಕ್ಕಸಿಗೆ ಹೋದಾಗ ರಕ್ತ ಬೀಳಲು ಶುರುವಾಯಿತು. ಮೊದಲು ಮೂಲವ್ಯಾಧಿ ಅಂದರು. ಮುಲಾಮು ಹಚ್ಚಿಕೊಂಡು, ಮಜ್ಜಿಗೆ ಕುಡಿದುಕೊಂಡು ಎರಡು ತಿಂಗಳು ಕಳೆದೆ. ಆಮೇಲೆ ಆಮಶಂಕೆ ಅಂದರು. ಬಾಯಿತುಂಬ ತುಕ್ಕಿನ ರುಚಿ ಬಿಡುವ ಮಾತ್ರೆ ನುಂಗಿದೆ. ದಿನಕ್ಕೆ 12 ಸಲ ಹೋಗುವುದು ಮಾತ್ರ ನಿಲ್ಲಲಿಲ್ಲ. 2013ರಲ್ಲಿ ಬೆಂಗಳೂರಿನಲ್ಲಿ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಹಾಕಿ ಕರುಳು ನೋಡುವುದು, ಆಯಿತು. ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ, ಅಂತ ಹೆಸರು ಸಿಕ್ಕಿತು. ಹೆಸರು ಸಿಕ್ಕಿದ್ದಕ್ಕೇ ಅರ್ಧ ಸಮಾಧಾನ.

2017ರಲ್ಲಿ ಮತ್ತೆ ಕೆರಳಿತು. ಎರಡನೇ ಸಲ ಕ್ಯಾಮೆರಾ ಹಾಕಿದರು. ಈ ಸಲ ಗುದನಾಳ ನೆಟ್ಟಗಿದೆ, ಮೇಲೆ ದೊಡ್ಡ ಕರುಳಿನಲ್ಲಿ ಮಾತ್ರ ಅಲ್ಲಲ್ಲಿ ಹುಣ್ಣು. ಕೊಲೈಟಿಸ್ ಸಾಮಾನ್ಯವಾಗಿ ಹಾಗಿರುವುದಿಲ್ಲ. ಅದು ಗುದನಾಳದಿಂದ ಶುರುವಾಗಿ ಎಲ್ಲೂ ಬಿಡದೆ ಮೇಲಕ್ಕೆ ಹಬ್ಬುತ್ತದೆ, ಕರುಳಿನ ಒಳಪದರದಲ್ಲೇ ಉಳಿಯುತ್ತದೆ. ಬಿಟ್ಟು ಬಿಟ್ಟು ಬರುವುದು, ಗೋಡೆಯ ಆಳಕ್ಕೆ ಇಳಿಯುವುದು, ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳುವುದು ಕ್ರೋನ್ಸ್ ಕಾಯಿಲೆಯ ಗುಣ. ಆದರೆ ಔಷಧಿ ಬಿದ್ದ ಕೊಲೈಟಿಸ್ ಕೂಡ ಗುದನಾಳ ಬಿಟ್ಟ ಹಾಗೆ ಕಾಣಬಹುದಂತೆ. ಸಾಲದ್ದಕ್ಕೆ ನಮ್ಮ ದೇಶದಲ್ಲಿ ಕರುಳಿನ ಟಿಬಿ ಬೇರೆ ಇದೆ, ಅದು ಥೇಟ್ ಕ್ರೋನ್ಸ್ ಹಾಗೇ ಕಾಣುತ್ತದೆ. ಅದಕ್ಕೆ ಮೂರು ತಿಂಗಳು ಟಿಬಿ ಮಾತ್ರೆ ನುಂಗಿಸಿ, ಮತ್ತೊಂದು ಸಲ ಕ್ಯಾಮೆರಾ ಹಾಕಿದರು. ಆ ಮೂರು ತಿಂಗಳು ಮೂತ್ರ ಕಿತ್ತಳೆ ಬಣ್ಣ. ಹುಣ್ಣು ಹಾಗೇ ಇತ್ತು. ಸರಿ, ಟಿಬಿ ಅಲ್ಲ, ಕ್ರೋನ್ಸ್ ಅಂತ ಬರೆದರು.

2024ರಲ್ಲಿ ನಮ್ಮ ಹಳೇ ಡಾಕ್ಟರು ನಿವೃತ್ತರಾದರು. ಹೊಸ ಡಾಕ್ಟರು ಫೈಲು ತಿರುವಿ, "ದೊಡ್ಡ ಕರುಳಿನ ಕ್ರೋನ್ಸ್ ಅಂತ ಬರೆದಿದ್ದಾರೆ. ಕೊಲೈಟಿಸ್ ಅಂದ್ರೂ ಪೂರ್ತಿ ತಪ್ಪಾಗಲ್ಲಮ್ಮ" ಅಂದರು. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ವರನ ಹೆಸರು ಇನ್ನೂ ಖಾತ್ರಿ ಇಲ್ಲ ಅಂದ ಹಾಗಾಯಿತು. ಹೆಸರಿನಲ್ಲೇನಿದೆ ಅನ್ನಬೇಡಿ. ಕೊಲೈಟಿಸ್ ಕೈಮೀರಿದರೆ ದೊಡ್ಡ ಕರುಳು ತೆಗೆಯುತ್ತಾರೆ, ಕರುಳಿನ ಕಾಯಿಲೆ ಅಲ್ಲಿಗೆ ಹೆಚ್ಚೂಕಡಿಮೆ ಮುಗಿಯಿತು. ಕ್ರೋನ್ಸ್‌ನಲ್ಲಿ ಒಂದು ತುಂಡು ತೆಗೆದರೆ ಉಳಿದದ್ದರಲ್ಲಿ ಮತ್ತೆ ಬರಬಹುದು. ನಾಳೆ ನನ್ನ ಹೊಟ್ಟೆಗೆ ಕತ್ತರಿ ಹಾಕುವವರು ಯಾವ ಹೆಸರು ಓದುತ್ತಾರೆ ಅನ್ನುವುದು ನನಗೆ ಮುಖ್ಯ, ಅಲ್ವಾ?

ಆ ವಾರವೇ ಫೋನಿನಲ್ಲಿ ಜಾಹೀರಾತು ಕಾಣಿಸಿತು. ಕರುಳಿನ ಕಾಯಿಲೆಯ ಗುಟ್ಟು ಜೀನ್‌ನಲ್ಲಿದೆ, ಕ್ರೋನ್ಸೋ ಕೊಲೈಟಿಸ್ಸೋ ತಿಳಿಯಿರಿ ಅನ್ನುವ ಅರ್ಥದ್ದು. 8,999 ರೂಪಾಯಿಯದ್ದು ದಸರಾ ಆಫರಿನಲ್ಲಿ 6,999. ನಮ್ಮ ಯಜಮಾನರು "ಬೇಡ ಕಣೇ" ಅಂದರು. ಕೇಳಲಿಲ್ಲ.

ಡಬ್ಬಿ ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳಬೇಕು. ದಪ್ಪ ರಟ್ಟು, ಮ್ಯಾಟ್ ಲ್ಯಾಮಿನೇಷನ್, ಹೆಸರಿನ ಮೇಲೆ ಮಾತ್ರ ಹೊಳಪು. ಈ ಕೆಲಸಕ್ಕೆ ನಾವು ಒಂದಕ್ಕೆ 90 ರೂಪಾಯಿ ಕೇಳುತ್ತೇವೆ. ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ, ಒಂದು ಆಲಿಕೆ, ನೀಲಿ ದ್ರವ ಇರುವ ಮುಚ್ಚಳ, ವಾಪಸ್ ಕಳಿಸುವ ಕವರು. ಸೂಚನೆಯ ಹಾಳೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಇಲ್ಲ. ಅರ್ಧ ಸ್ಟಾರ್ ಅಲ್ಲೇ ಹೋಯಿತು.

ಗೆರೆಯವರೆಗೆ ಎಂಜಲು ತುಂಬಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನೊರೆ ಲೆಕ್ಕಕ್ಕಿಲ್ಲ. ನೋಡುವುದಕ್ಕೆ ಎರಡು ಚಮಚವೂ ಇಲ್ಲ, ಆದರೆ ಆ ಕೊಳವೆ ಕೈಗೆ ಬಂದ ತಕ್ಷಣ ಬಾಯಿ ಅರಳೆ ಹಾಗೆ ಒಣಗಿತು. ಹುಣಸೆಕಾಯಿ, ಉಪ್ಪು ಹಚ್ಚಿದ ನೆಲ್ಲಿಕಾಯಿ ಎಲ್ಲ ನೆನೆದುಕೊಂಡು ಕೂತೆ. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಇದೇನೇ ಇದು, ಎಂಜಲನ್ನ ಕೊರಿಯರ್ ಮಾಡ್ತೀಯಾ?" ಅಂದರು. ಕೊರಿಯರ್ ಹುಡುಗ ಬಂದಾಗ ಆ ಕವರು ಮುಟ್ಟಿದ ಕೈಯನ್ನು ತೊಳೆಯಲು ಅವನಿಗೆ ಅವರೇ ಚೊಂಬಿನಲ್ಲಿ ನೀರು ಕೊಟ್ಟರು. ಆ ಹುಡುಗನಿಗೆ ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಆನ್‌ಲೈನ್ ಫಾರಂ ಬಗ್ಗೆ ಒಂದು ಮಾತು. ವಂಶ ಯಾವುದು ಅಂತ ಕೇಳಿತ್ತು. ಯುರೋಪಿಯನ್ ಅನ್ನುವುದರ ಕೆಳಗೆ ಐದು ಬಗೆ. ನಮಗೆ ಒಂದೇ, ದಕ್ಷಿಣ ಏಷ್ಯಾ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ, ಜೊತೆಗೆ ಪಾಕಿಸ್ತಾನ, ಲಂಕಾ, ಎಲ್ಲ ಒಂದೇ ಚೌಕ. ಸಿಗರೇಟು ಸೇದುತ್ತೀರಾ, ಯೋಗ ಮಾಡುತ್ತೀರಾ ಅಂತ ಇತ್ತು. ಅಪ್ಪ ಅಮ್ಮ ಸಂಬಂಧಿಕರಾ ಅಂತ ಇರಲಿಲ್ಲ. ನಮ್ಮಮ್ಮ ಮದುವೆಯಾಗಿದ್ದು ತನ್ನ ಸೋದರಮಾವನನ್ನೇ. ನಮ್ಮ ಕಡೆ ಇದು ಮನೆ ಮನೆಯ ಕತೆ. ಜೀನ್ ಅಂದರೆ ಮೈಯೊಳಗೆ ಬರೆದಿಟ್ಟ ಪಾಠ, ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಒಂದೇ ತಪ್ಪಕ್ಷರ ತಾಯಿಯ ಪ್ರತಿಯಲ್ಲೂ ತಂದೆಯ ಪ್ರತಿಯಲ್ಲೂ ಇದ್ದು, ಮಗುವಿಗೆ ಎರಡೂ ಬರುವ ಸಾಧ್ಯತೆ ಇಂಥ ಮದುವೆಯಲ್ಲಿ ಜಾಸ್ತಿ. ಜೀನ್ ಮಾರುವ ಅಂಗಡಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಮೂರು ವಾರ ಅಂದಿದ್ದರು. ಏಳು ವಾರ ಆಯಿತು. ನಡುವೆ ನಾಲ್ಕು ಮೆಸೇಜು, ನಾಲ್ಕೂ ಬೇರೆ ಏನೋ ಪ್ಯಾಕೇಜ್ ಕೊಳ್ಳಿ ಅಂತ.

ಕೊನೆಗೆ ರಿಪೋರ್ಟ್ ಬಂತು. 46 ಪುಟದ ಪಿಡಿಎಫ್. ಮೊದಲ ಆರು ಪುಟ ನಗುವ ಜನರ ಫೋಟೊ. ಕೊತ್ತಂಬರಿ ಸೊಪ್ಪು ನನಗೆ ಸೋಪಿನ ವಾಸನೆ ಹೊಡೆಯುತ್ತದಾ, ಕಿವಿಯ ಗುಗ್ಗೆ ಒಣಗಿದ್ದಾ ಹಸಿಯಾ, ಇಂಥವಕ್ಕೆ ಒಂದೊಂದು ಪುಟ. ನಾನು ದುಡ್ಡು ಕೊಟ್ಟ ವಿಷಯ ಬಂದಿದ್ದು 31ನೇ ಪುಟದಲ್ಲಿ. ಒಂದೂವರೆ ಪುಟ. ಕ್ರೋನ್ಸ್: ಸರಾಸರಿ ಅಪಾಯ, ಹಸಿರು ಟಿಕ್. ಅಲ್ಸರೇಟಿವ್ ಕೊಲೈಟಿಸ್: ಸರಾಸರಿಗಿಂತ ಸ್ವಲ್ಪ ಹೆಚ್ಚು, ಹಳದಿ ಬೊಟ್ಟು. ಕೆಳಗೆ 'ನಾಡ್2 ಜೀನ್‌ನ ಮೂರು ಬದಲಾವಣೆ ಕಂಡುಬಂದಿಲ್ಲ' ಅಂತ ಇನ್ನೊಂದು ಹಸಿರು ಟಿಕ್. ನೀರು ಜಾಸ್ತಿ ಕುಡಿಯಿರಿ, ಒತ್ತಡ ಕಡಿಮೆ ಮಾಡಿಕೊಳ್ಳಿ. ಮುಗಿಯಿತು.

12 ವರ್ಷದಿಂದ ಕಾಯಿಲೆ ಅನುಭವಿಸುತ್ತಿರುವವಳಿಗೆ ಕಾಯಿಲೆ ಬರುವ ಅಪಾಯ ಎಷ್ಟು ಅಂತ ಹೇಳಿ ಹಸಿರು ಟಿಕ್ ಹಾಕಿದ್ದಾರೆ.

ಮೊದಲ ದಿನ ಆ ಟಿಕ್ ನೋಡಿ ನಾನೂ ಮೋಸ ಹೋದೆ. ಕ್ರೋನ್ಸ್ ಅಲ್ಲ ಹಾಗಾದರೆ, ಕೊಲೈಟಿಸ್ಸೇ ಇರಬೇಕು ಅಂದುಕೊಂಡು ಡಾಕ್ಟರಿಗೆ ವಾಟ್ಸಾಪ್ ಕೂಡ ಮಾಡಿದೆ. ಅವರು ಒಂದು ನಗುವ ಮುಖ ಕಳಿಸಿ, ಮುಂದಿನ ಸಲ ಬಂದಾಗ ಮಾತಾಡೋಣ ಅಂದರು. ಆಮೇಲೆ ನಾನೇ ಕೂತು ಓದಿದೆ, ಕರಡು ಓದುವ ಹಾಗೆ, ಬೆರಳಿಟ್ಟುಕೊಂಡು.

ನಾಡ್2 ಅನ್ನುವುದು 16ನೇ ಕ್ರೋಮೋಸೋಮಿನ ಮೇಲಿರುವ ಜೀನ್. ಬ್ಯಾಕ್ಟೀರಿಯಾದ ಗೋಡೆಯ ಚೂರು ಸಿಕ್ಕಿದರೆ ಗುರುತು ಹಿಡಿದು ಕೂಗು ಹಾಕುವ ಕಾವಲುಗಾರನನ್ನು ಕಟ್ಟುವುದು ಅದರ ಕೆಲಸ. ಕ್ರೋನ್ಸ್‌ಗೂ ಇದಕ್ಕೂ ನಂಟಿದೆ ಅಂತ 2001ರಲ್ಲಿ ಎರಡು ತಂಡಗಳು ಒಟ್ಟಿಗೇ ಹೇಳಿದವು. ಇಂಥ ಕಾಯಿಲೆಗೆ ಸಿಕ್ಕ ಮೊದಲ ಜೀನ್ ಅದು. ಅದರಲ್ಲಿ ಮುಖ್ಯವಾಗಿ ಮೂರು ಪಾಠಭೇದ. ವೇರಿಯೆಂಟ್ ಅನ್ನುತ್ತಾರಲ್ಲ, ನನಗೆ ಪಾಠಭೇದ ಅಂದರೇ ಸರಿ, ಹಳೆಗನ್ನಡ ಪುಸ್ತಕದ ಅಡಿಟಿಪ್ಪಣಿಯಲ್ಲಿ ಇರುವ ಹಾಗೆ. ಮೂರರಲ್ಲಿ ಒಂದಂತೂ ನಮ್ಮ ಕಸುಬಿನದ್ದೇ ತಪ್ಪು. ಜೀನ್‌ನ ಭಾಷೆಯಲ್ಲಿ ಮೂರು ಮೂರು ಅಕ್ಷರಕ್ಕೆ ಒಂದು ಪದ, ನಡುವೆ ಜಾಗ ಇಲ್ಲ. 'ರಮಣ ಮನೆಗೆ ಬಂದನು' ಅಂತ ಇದೆ ಅಂದುಕೊಳ್ಳಿ. ಮೊದಲ ಪದ ಆದಮೇಲೆ ಯಾರೋ ಕೈತಪ್ಪಿ ಒಂದು 'ಸ' ಹೊಡೆದರು. ಈಗ ಓದಿ: 'ರಮಣ ಸಮನೆ ಗೆಬಂದ ನು'. ಸೇರಿದ್ದು ಒಂದೇ ಅಕ್ಷರ, ಅಲ್ಲಿಂದಾಚೆ ಎಲ್ಲ ಸರಿದುಹೋಯಿತು. ನಾಡ್2ನಲ್ಲಿ ಹೀಗೇ ಒಂದು 'ಸಿ' ಜಾಸ್ತಿ ಸೇರಿಕೊಂಡು, ವಾಕ್ಯ ಮುಗಿಯುವ ಮುಂಚೆಯೇ ನಿಲ್ಲುತ್ತದೆ. ಈ ಮೂರರಲ್ಲಿ ಒಂದರ ಒಂದು ಪ್ರತಿ ಇದ್ದರೆ ಕ್ರೋನ್ಸ್ ಅಪಾಯ ಎರಡರಿಂದ ನಾಲ್ಕು ಪಟ್ಟು. ಎರಡು ಪ್ರತಿಯೂ ಕೆಟ್ಟಿದ್ದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಅದೂ ಮುಖ್ಯವಾಗಿ ಸಣ್ಣ ಕರುಳಿನ ಕೊನೆಯಲ್ಲಿ ಬರುವ ಕ್ರೋನ್ಸ್. ಕೊಲೈಟಿಸ್‌ಗೆ ಇದು ಕಾರಣ ಅಲ್ಲ.

ಕೇಳಲು ಚೆನ್ನಾಗಿದೆ. ಆದರೆ ಈ ಲೆಕ್ಕ ಯುರೋಪಿನವರದ್ದು. ಅಲ್ಲಿ ಕ್ರೋನ್ಸ್ ಇರುವ ಸುಮಾರು ಮೂರರಲ್ಲೊಬ್ಬರಿಗೆ ಈ ಪಾಠಭೇದಗಳಲ್ಲಿ ಒಂದಾದರೂ ಇರುತ್ತದೆ. ಜಪಾನ್, ಚೀನಾ, ಕೊರಿಯಾದ ರೋಗಿಗಳಲ್ಲಿ ಇವು ಹೆಚ್ಚೂಕಡಿಮೆ ಸಿಗುವುದೇ ಇಲ್ಲ. ನಮ್ಮ ದೇಶದ ರೋಗಿಗಳಲ್ಲೂ ಅಪರೂಪ. ಅಂದಮೇಲೆ ನನಗೆ 'ಕಂಡುಬಂದಿಲ್ಲ' ಅಂತ ಬರೆದದ್ದರಲ್ಲಿ ಏನು ಹೆಚ್ಚುಗಾರಿಕೆ? ತುಮಕೂರಿನ ಅಮಾನಿಕೆರೆಯಲ್ಲಿ ತಿಮಿಂಗಿಲ ಕಂಡುಬಂದಿಲ್ಲ ಅಂತ ಬರೆದು ಹಸಿರು ಟಿಕ್ ಹಾಕಿದ ಹಾಗೆ. ಕ್ರೋನ್ಸ್ ಇಲ್ಲ ಅಂತ ಅದರ ಅರ್ಥವೇ ಅಲ್ಲ. ಈ ಒಂದು ಸಾಲು ರಿಪೋರ್ಟಿನಲ್ಲಿ ಇದ್ದಿದ್ದರೆ ನಾನು ಮೂರು ಸ್ಟಾರ್ ಕೊಡುತ್ತಿದ್ದೆ.

ಎರಡು ಕಾಯಿಲೆಗೆ ಜೀನ್‌ನಲ್ಲಿ ವ್ಯತ್ಯಾಸ ಇಲ್ಲವಾ ಅಂದರೆ, ಇದೆ. 2012ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಈ ಕಾಯಿಲೆಗಳಿಗೆ ನಂಟಿರುವ 163 ಜಾಗಗಳನ್ನು ಪಟ್ಟಿ ಮಾಡಿದರು. ಅದರಲ್ಲಿ 110 ಎರಡಕ್ಕೂ ಸೇರಿದವು. 30 ಕ್ರೋನ್ಸ್‌ಗೆ ಮಾತ್ರ, 23 ಕೊಲೈಟಿಸ್‌ಗೆ ಮಾತ್ರ. ದಾಯಾದಿಗಳ ಹಾಗೆ, ಹೊಲ ಬಹುಪಾಲು ಜಂಟಿ ಖಾತೆ. ಬೇರೆಯಾಗುವ ಕಡೆ ಬುದ್ಧಿಯೇ ಬೇರೆ. ಕ್ರೋನ್ಸ್ ಕಡೆ ನಾಡ್2 ಇದೆ, ಜೀವಕೋಶ ತನ್ನ ಕಸ ತಾನೇ ಗುಡಿಸಿಕೊಳ್ಳುವ ಕೆಲಸದ ಒಂದು ಜೀನ್ ಇದೆ. ಕೊಲೈಟಿಸ್‌ನಲ್ಲಿ ಎದ್ದು ಕಾಣುವುದು 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ ಗುಂಪು, ಮೈ ತನ್ನವರು ಯಾರು ಹೊರಗಿನವರು ಯಾರು ಅಂತ ನೋಡುವ ಜಾಗ. ಅವಳಿ ಜವಳಿ ಲೆಕ್ಕವೂ ಬೇರೆ. ಒಂದೇ ಥರದ ಅವಳಿಗಳಲ್ಲಿ ಒಬ್ಬರಿಗೆ ಕ್ರೋನ್ಸ್ ಬಂದರೆ ಇನ್ನೊಬ್ಬರಿಗೂ ಬರುವುದು 100ಕ್ಕೆ 30ರಿಂದ 50. ಕೊಲೈಟಿಸ್ ಆದರೆ 10ರಿಂದ 15ರ ಆಸುಪಾಸು. ಅಂದರೆ ಕ್ರೋನ್ಸ್‌ನಲ್ಲಿ ವಂಶದ ಪಾಲು ಜಾಸ್ತಿ.

ಆದರೆ ಆ 163 ಜಾಗ ಎಲ್ಲ ಸೇರಿಸಿದರೂ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ ವ್ಯತ್ಯಾಸದಲ್ಲಿ ಕ್ರೋನ್ಸ್‌ಗೆ ಶೇ. 13.6, ಕೊಲೈಟಿಸ್‌ಗೆ ಶೇ. 7.5 ಮಾತ್ರ ಅದರಿಂದ ವಿವರಿಸಬಹುದಿತ್ತು. ಇದನ್ನು ಓದಿದ ದಿನ ನಾನು 6,999ನ್ನು 7.5ರಿಂದ ಗುಣಿಸಿ ನೂರರಿಂದ ಭಾಗಿಸಿದೆ. 525 ರೂಪಾಯಿ. ಅಷ್ಟಕ್ಕೆ ಮಾರಿದ್ದರೆ ನ್ಯಾಯ.

ಈಗ ಫೋನಿನ ಹುಡುಗಿ. ರಿಪೋರ್ಟ್ ಜೊತೆ ಅರ್ಧ ಗಂಟೆ ಕೌನ್ಸೆಲಿಂಗ್ ಉಚಿತ. ಮೊದಲು ಹಿಂದಿಯಲ್ಲಿ ಒಬ್ಬರು ಮಾಡಿದರು, ಕನ್ನಡದವರನ್ನು ಕೊಡಿ ಅಂದೆ. ಎರಡು ದಿನ ಬಿಟ್ಟು ಒಬ್ಬಳು ಮಾಡಿದಳು. ಪುತ್ತೂರಿನ ಕಡೆಯವಳು. ನಾನು ನೇರವಾಗಿ ಕೇಳಿದೆ, ನನಗಿರುವುದು ಕ್ರೋನ್ಸಾ ಕೊಲೈಟಿಸ್ಸಾ?

"ಮೇಡಂ, ನಾನು ಸತ್ಯ ಹೇಳ್ತೇನೆ. ಅದನ್ನು ಈ ಟೆಸ್ಟ್ ಹೇಳುವುದಿಲ್ಲ. ಕ್ಯಾಮೆರಾ, ಬಯಾಪ್ಸಿ, ಸ್ಕ್ಯಾನ್, ಅದರಲ್ಲೇ ಗೊತ್ತಾಗಬೇಕು."

"ಮತ್ತೆ ಜಾಹೀರಾತಿನಲ್ಲಿ ಹೇಳ್ತೀವಿ ಅಂತ ಹಾಕಿದೀರಲ್ಲಮ್ಮ?"

ಸ್ವಲ್ಪ ಹೊತ್ತು ಸದ್ದಿಲ್ಲ. "ಅದು ನನ್ನ ಕೈಯಲ್ಲಿ ಇಲ್ಲ ಮೇಡಂ."

ಅಲ್ಲಿಗೆ ಇಟ್ಟುಬಿಡಬಹುದಿತ್ತು. ಇಡಲಿಲ್ಲ. ನನ್ನ ಮೂರು ಕೊಲೊನೋಸ್ಕೋಪಿಯ ಕತೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಹೇಳಿದ್ದು ನನಗೆ 12 ವರ್ಷದಲ್ಲಿ ಯಾರೂ ಹೇಳದ ಮಾತು. 2016ರಲ್ಲಿ ಸುಮಾರು 35,000 ರೋಗಿಗಳ ಜೀನ್ ನೋಡಿದ ಅಧ್ಯಯನ ಒಂದಿದೆ. ಅದರ ಪ್ರಕಾರ ಕ್ರೋನ್ಸ್ ಒಂದು ಪೆಟ್ಟಿಗೆ, ಕೊಲೈಟಿಸ್ ಇನ್ನೊಂದು ಪೆಟ್ಟಿಗೆ ಅನ್ನುವ ವಿಂಗಡಣೆಗಿಂತ ಕಾಯಿಲೆ ಕರುಳಿನ ಯಾವ ಜಾಗದಲ್ಲಿದೆ ಅನ್ನುವುದು ಜೀನ್ ಜೊತೆ ಹೆಚ್ಚು ಹೊಂದುತ್ತದೆ. ಒಂದು ತುದಿಯಲ್ಲಿ ಸಣ್ಣ ಕರುಳಿನ ಕ್ರೋನ್ಸ್. ಇನ್ನೊಂದು ತುದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಕ್ರೋನ್ಸ್ ಇವೆರಡರ ನಡುವೆ.

"ನಿಮ್ಮದು ಆ ನಡುವಿನದ್ದು ಮೇಡಂ. ಡಾಕ್ಟರು ಎರಡು ಹೆಸರು ಹೇಳಿದ್ರೆ ಅವರಿಗೆ ಗೊತ್ತಿಲ್ಲ ಅಂತ ಅಲ್ಲ. ಕಾಯಿಲೆಯೇ ಹಾಗೆ ಉಂಟು."

ನನ್ನ ಫೈಲಿನ ಮೇಲಿನ ಎರಡು ಹೆಸರನ್ನು ನಾನು ಇಷ್ಟು ದಿನ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಹೊಟ್ಟೆಯೊಳಗೆ ಏನೋ ಸಡಿಲ ಆಯಿತು. ಇದು 46 ಪುಟದಲ್ಲಿ ಎಲ್ಲೂ ಇಲ್ಲ, ನೆನಪಿಡಿ. ಆ ಹುಡುಗಿಯ ತಲೆಯಲ್ಲಿತ್ತು.

ನಮ್ಮ ದೇಶದ ಲೆಕ್ಕ ಇದೆಯಾ ಅಂತ ಕೇಳಿದೆ. ಸ್ವಲ್ಪ ಇದೆ. ಕೊಲೈಟಿಸ್ ಬಗ್ಗೆ ಉತ್ತರ ಭಾರತದ ರೋಗಿಗಳ ಮೇಲೆ ದೆಹಲಿ, ಲುಧಿಯಾನದವರು ಸೇರಿ ಮಾಡಿದ್ದು 2015ರಲ್ಲಿ ಬಂತು. ಎಚ್‌ಎಲ್‌ಎ ಬಿಟ್ಟು ಮೂರು ಹೊಸ ಜಾಗ ಸಿಕ್ಕವು. ಅದೇ ವರ್ಷ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಯುರೋಪ್ ಮೂಲದವರು 86,000ಕ್ಕೂ ಹೆಚ್ಚು. ಭಾರತ, ಇರಾನ್, ಪೂರ್ವ ಏಷ್ಯಾ ಎಲ್ಲ ಸೇರಿ ಹತ್ತು ಸಾವಿರ ಮುಟ್ಟಲಿಲ್ಲ. ನನಗೆ ಹಾಕಿದ ಹಳದಿ ಬೊಟ್ಟು ಯಾರ ಅಳತೆಯ ಕೋಲಿನಿಂದ ಅಳೆದದ್ದು ಅಂತ ಇದರಲ್ಲೇ ತಿಳಿಯುತ್ತದೆ.

ಈಗ ಈ ಡಬ್ಬಿಯಲ್ಲಿ ನಿಜಕ್ಕೂ ಬೆಲೆ ಬಾಳುವ ಒಂದು ಸಾಲಿನ ಬಗ್ಗೆ ಹೇಳುತ್ತೇನೆ. ಅದನ್ನು ಕಂಪನಿ ನನಗೆ ಕೊಡಲಿಲ್ಲ. ನಾನೇ ಹುಡುಕಿ ತೆಗೆದೆ.

2018ರಲ್ಲಿ ಕ್ರೋನ್ಸ್ ಅಂತ ಆದಮೇಲೆ ನನಗೆ ಅಜಾಥಯೋಪ್ರಿನ್ ಅನ್ನುವ, ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಶುರು ಮಾಡಿದರು. ಕೆಲವರಿಗೆ ಈ ಮಾತ್ರೆ ಒಗ್ಗುವುದಿಲ್ಲ ಅಂತ ಮೊದಲು ಟಿಪಿಎಂಟಿ ಅನ್ನುವ ಟೆಸ್ಟ್ ಮಾಡಿಸಿದ್ದರು. ಅದು ನಾರ್ಮಲ್. ಧೈರ್ಯವಾಗಿ ಪೂರ್ತಿ ಡೋಸ್. 19ನೇ ದಿನ ಬೆಳಿಗ್ಗೆ ತಲೆ ಬಾಚಲು ಕೂತೆ. ಬಾಚಣಿಗೆ ಕೆಳಗಿಳಿಯಿತು, ಅದರ ಜೊತೆ ಕೂದಲೂ ಇಳಿಯಿತು. ಎಳೆ ಅಲ್ಲ, ಹಿಡಿ. ನೋವಿಲ್ಲ, ಏನಿಲ್ಲ, ಒಣಗಿದ ಹುಲ್ಲು ಕಿತ್ತ ಹಾಗೆ. ಮಗಳಿಗೆ ಆಗ ಎಂಟು ವರ್ಷ, ಅವಳಿಗೆ ಕಾಣದ ಹಾಗೆ ಎಲ್ಲವನ್ನೂ ಪೇಪರಿನಲ್ಲಿ ಸುತ್ತಿದೆ. ಎರಡು ದಿನಕ್ಕೆ ಜ್ವರ. ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ 900. ನಾಲ್ಕು ಸಾವಿರದ ಮೇಲಿರಬೇಕಾದದ್ದು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಬೇರೆ ರೂಮು, ಮುಖಕ್ಕೆ ಮಾಸ್ಕು, ಹೂವು ಹಣ್ಣು ಯಾರೂ ತರಬಾರದು. ಆಮೇಲೆ ತಲೆಗೆ ವಸ್ತ್ರ ಕಟ್ಟಿಕೊಂಡು ಆರು ತಿಂಗಳು ಕರಡು ತಿದ್ದಿದೆ. ಅಂಗಡಿಗೆ ಬಂದವರೆಲ್ಲ ತಿರುಪತಿಗೆ ಹೋಗಿದ್ರಾ ಅಂತ ಕೇಳುತ್ತಿದ್ದರು. ಹೌದು ಅನ್ನುತ್ತಿದ್ದೆ.

2019ರಲ್ಲಿ ಆಸ್ಪತ್ರೆಯಲ್ಲೇ ಇನ್ನೊಂದು ಟೆಸ್ಟ್ ಮಾಡಿಸಿದರು. ನುಡ್ಟ್15 ಅಂತ. 3,200 ರೂಪಾಯಿ, ಒಂದು ಹಾಳೆ, ನಾಲ್ಕು ಸಾಲು. ಈ ಜೀನ್‌ನ 415ನೇ ಜಾಗದಲ್ಲಿ 'ಸಿ' ಇರಬೇಕು, ನನಗೆ ಎರಡೂ ಪ್ರತಿಯಲ್ಲಿ 'ಟಿ' ಇದೆ. ಸೋದರಮಾವನ ಮದುವೆ ನೆನಪಾಯಿತಾ? ಹೀಗಿರುವವರಿಗೆ ಈ ಮಾತ್ರೆ ಮಾಮೂಲಿ ಡೋಸಿನಲ್ಲಿ ಕೊಟ್ಟರೆ ಆಗುವುದೇ ಇದು, ಕೂದಲು ಉದುರುವುದು, ರಕ್ತಕಣ ಕುಸಿಯುವುದು. ಇದು ಗೊತ್ತಾಗಿದ್ದು 2014ರಲ್ಲಿ, ಕೊರಿಯಾದ ಕ್ರೋನ್ಸ್ ರೋಗಿಗಳಿಂದ. ಟಿಪಿಎಂಟಿ ದೋಷ ಯುರೋಪಿನವರಲ್ಲಿ ಹೆಚ್ಚು ಕಾಣುವುದು. ಅವರಲ್ಲಿ ನುಡ್ಟ್15 ದೋಷ ತೀರಾ ಕಡಿಮೆ. ನಮ್ಮಲ್ಲಿ ಮತ್ತು ಪೂರ್ವ ಏಷ್ಯಾದಲ್ಲಿ ನುಡ್ಟ್15ದೇ ಜಾಸ್ತಿ. ನನಗೆ ಮೊದಲು ಮಾಡಿದ್ದು ಅವರ ಟೆಸ್ಟ್, ಬೇಕಾಗಿದ್ದು ನಮ್ಮ ಟೆಸ್ಟ್.

ಈ ಡಬ್ಬಿಯವರ ರಿಪೋರ್ಟಿನಲ್ಲಿ 'ಔಷಧಿ ಮತ್ತು ನಿಮ್ಮ ಜೀನ್' ಅಂತ ಒಂದು ಭಾಗ ಇದೆ. ಒತ್ತಿದರೆ ಬೀಗದ ಚಿತ್ರ. ಇನ್ನೂ 3,999 ಕೊಟ್ಟರೆ ತೆರೆಯುತ್ತದಂತೆ. ಕೊಡಲಿಲ್ಲ. ಮೂಲ ಡೇಟಾ ಇಳಿಸಿಕೊಳ್ಳಿ ಅಂತ ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿತ್ತು, ಇಳಿಸಿಕೊಂಡೆ. ಆರು ಲಕ್ಷ ಚಿಲ್ಲರೆ ಸಾಲಿನ ಟೆಕ್ಸ್ಟ್ ಫೈಲು. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ತೆರೆಯಲು ಮೂರು ನಿಮಿಷ. ಎಡಕ್ಕೆ ಒಂದು ನಂಬರು, ಬಲಕ್ಕೆ ಎರಡು ಅಕ್ಷರ, ಹೀಗೇ ಕೆಳಗೆ ಕೆಳಗೆ. ನನ್ನ ಕರಡು ನಾನೇ ನೋಡುತ್ತಿದ್ದೇನೆ ಅನ್ನಿಸಿತು. ಹುಡುಕುವ ಕಿಟಕಿಯಲ್ಲಿ ಆರ್‌ಎಸ್116855232 ಅಂತ ಹೊಡೆದೆ. ನುಡ್ಟ್15ರ ಆ ಜಾಗದ ನಂಬರು ಅದು. ಕರ್ಸರ್ ಹೋಗಿ ನಿಂತಿತು. ಟಿಟಿ.

ಇವರ ಹತ್ತಿರ ಇತ್ತು. ನನ್ನನ್ನು ಒಂಬತ್ತು ದಿನ ಮಲಗಿಸಿದ ಅಕ್ಷರ ಇವರ ಫೈಲಿನಲ್ಲೇ ಇತ್ತು. ಕೊತ್ತಂಬರಿ ಸೊಪ್ಪಿಗೆ ಒಂದು ಪುಟ ಕೊಟ್ಟು, ಇದಕ್ಕೆ ಬೀಗ ಹಾಕಿದ್ದಾರೆ. ಇಂಥ ಡಬ್ಬಿ ಟೆಸ್ಟಿನ ಓದು ಒಂದೊಂದು ಸಲ ತಪ್ಪಾಗಬಹುದು, ಅದನ್ನೇ ನಂಬಿ ಔಷಧಿ ತೆಗೆದುಕೊಳ್ಳಬಾರದು, ಬಿಡಲೂಬಾರದು, ಸರಿ. ಆದರೆ ಆಸ್ಪತ್ರೆಯಲ್ಲಿ ಈ ಟೆಸ್ಟ್ ಒಮ್ಮೆ ಮಾಡಿಸಿ ಅಂತ ಒಂದು ಸಾಲು ಬರೆಯಲು ಏನು ಕಷ್ಟ? ಪುಸ್ತಕಕ್ಕೆ ಅಂಟಿಸುವ ತಪ್ಪೊಪ್ಪಿನ ಚೀಟಿಯ ಹಾಗೆ ಒಂದು ಹಚ್ಚಿದ್ದರೂ ಸಾಕಿತ್ತು.

ಅದೇ ದಿನ ಇನ್ನೊಂದು ಹೊಳೆಯಿತು. ನನ್ನ ಎರಡೂ ಪ್ರತಿ 'ಟಿ' ಅಂದಮೇಲೆ ಮಗಳಿಗೆ ಒಂದು 'ಟಿ' ಖಂಡಿತ ಹೋಗಿದೆ. ಅವಳ ಎಂಜಲು ಬೇಕಾಗಿಲ್ಲ, 6,999ವೂ ಬೇಕಾಗಿಲ್ಲ. ನನ್ನ ತಮ್ಮನಿಗೂ ನನ್ನ ಹಾಗೇ ಎರಡೂ ಇರುವ ಸಾಧ್ಯತೆ ಕಡಿಮೆ ಅಂದರೂ ನಾಲ್ಕರಲ್ಲಿ ಒಂದು. ಈ ಜಾತಿಯ ಔಷಧಿ ಕರುಳಿಗೆ ಮಾತ್ರ ಅಲ್ಲ, ಮಕ್ಕಳ ರಕ್ತ ಕ್ಯಾನ್ಸರಿಗೆ, ಕಿಡ್ನಿ ಬದಲಿಸಿದವರಿಗೆ, ಕೆಲವು ಸಂಧಿವಾತಕ್ಕೂ ಕೊಡುತ್ತಾರೆ. ವಿಸಿಟಿಂಗ್ ಕಾರ್ಡ್ ಅಳತೆಯಲ್ಲಿ ಒಂದು ಕಾರ್ಡು ಮಾಡಿದೆ. ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್: ಅಜಾಥಯೋಪ್ರಿನ್, ಮರ್ಕಾಪ್ಟೊಪ್ಯೂರಿನ್ ಕೊಡುವ ಮುಂಚೆ ನುಡ್ಟ್15 ನೋಡಿ. ಲ್ಯಾಮಿನೇಟ್ ಮಾಡಿ ಮಗಳು, ತಮ್ಮ, ನಾನು ಮೂವರೂ ಒಂದೊಂದು ಇಟ್ಟುಕೊಂಡೆವು. ಖರ್ಚು 30 ರೂಪಾಯಿ. ಮಗಳು ತನ್ನ ಕಾರ್ಡಿನಲ್ಲಿ ಒಂದು ಕಾಗುಣಿತದ ತಪ್ಪು ಹಿಡಿದಳು, ಅದನ್ನು ಇಲ್ಲಿ ವಿವರಿಸುವುದಿಲ್ಲ.

ಹಾಗಾದರೆ ಯಾರು ಕೊಳ್ಳಬೇಕು? ಕ್ರೋನ್ಸೋ ಕೊಲೈಟಿಸ್ಸೋ ತಿಳಿಯಲು ಅಂತಾದರೆ ಯಾರೂ ಬೇಡ. ಆ ದುಡ್ಡನ್ನು ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಮಲ ಪರೀಕ್ಷೆಗೆ ಇಡಿ, ಕರುಳಿನಲ್ಲಿ ಉರಿ ಎಷ್ಟಿದೆ ಅಂತಾದರೂ ತಿಳಿಯುತ್ತದೆ. ಮಗುವಿಗೆ ಬರುತ್ತದಾ ಅಂತ ತಿಳಿಯಲು ಆದರೆ, ತಂದೆ ತಾಯಿಯಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಹಸಿರು ಟಿಕ್ಕಿಗಿಂತ ಈ ಒಂದು ಮಾತೇ ನನಗೆ ಜಾಸ್ತಿ ನಿದ್ದೆ ಕೊಟ್ಟಿದೆ. ಮಗಳು ತಾನೂ ಟೆಸ್ಟ್ ಮಾಡಿಸಿಕೊಳ್ಳುತ್ತೇನೆ ಅಂದಳು, 18 ಆಗಲಿ ಅಂದೆ.

ಒಂದೇ ಒಂದು ಕಡೆ ಮಾತು ಬೇರೆ. ತೀರಾ ಎಳೆಯ ಮಕ್ಕಳಿಗೆ, ಆರು ವರ್ಷದ ಒಳಗೆ, ಅದರಲ್ಲೂ ಹಸುಗೂಸಿಗೆ ಈ ಕಾಯಿಲೆ ಜೋರಾಗಿ ಬಂದರೆ, ಒಂದೇ ಜೀನ್ ಕೆಟ್ಟು ಹೀಗಾಗಿರಬಹುದು. ಐಎಲ್10 ಅನ್ನುವ ಸಂಕೇತವನ್ನು ಹಿಡಿಯುವ ಜೀನ್ ಕೆಟ್ಟರೆ ಹೀಗಾಗುತ್ತದೆ ಅಂತ 2009ರಲ್ಲೇ ಗೊತ್ತಾಗಿದೆ. ಅಂಥ ಕೆಲವು ಮಕ್ಕಳಿಗೆ ಅಸ್ಥಿಮಜ್ಜೆ ಕಸಿಯಿಂದ ವಾಸಿಯಾಗಿದೆ. ಸಂಬಂಧದೊಳಗೆ ಮದುವೆಯಾದ ನಮ್ಮಂಥವರ ಮನೆಗಳಲ್ಲಿ ಇದನ್ನು ಮರೆಯಬಾರದು. ಆದರೆ ಅದನ್ನು ಹೇಳಬೇಕಾದವರು ಮಕ್ಕಳ ಡಾಕ್ಟರು, ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಜೀನ್‌ಗಳನ್ನು ಪೂರ್ತಿ ಓದಿ. ದಸರಾ ಆಫರಿನ ಎಂಜಲು ಕೊಳವೆಯಲ್ಲಿ ಅಲ್ಲ.

ಈಗ ನನ್ನ ಆರೋಗ್ಯ ಹೇಗಿದೆ ಅಂದರೆ, ಪರವಾಗಿಲ್ಲ. 15 ದಿನಕ್ಕೊಮ್ಮೆ ಅಡಲಿಮುಮ್ಯಾಬ್ ಇಂಜೆಕ್ಷನ್. ಫ್ರಿಜ್ಜಿನಲ್ಲಿ ಮಲ್ಲಿಗೆ ಮೊಗ್ಗಿನ ಪಕ್ಕ ಇಟ್ಟಿರುತ್ತೇನೆ. ಹೊಸ ಡಾಕ್ಟರು ಫೈಲಿನ ಮೇಲೆ ಹೆಸರು ಒಂದೇ ಮಾಡಲಾ ಅಂತ ಕೇಳಿದರು. ಎರಡೂ ಇರಲಿ ಸಾರ್ ಅಂದೆ.

ಕಂಪನಿಯವರು ಹೋದ ತಿಂಗಳು ಮೆಸೇಜ್ ಮಾಡಿದ್ದರು, ಐದು ಸ್ಟಾರ್ ಕೊಟ್ಟರೆ ಮುಂದಿನ ಡಬ್ಬಿಗೆ 500 ರೂಪಾಯಿ ಬಿಡುತ್ತಾರಂತೆ. ನನ್ನ ಡೇಟಾ ಅಳಿಸಿ, ಉಳಿದ ಎಂಜಲನ್ನು ಚೆಲ್ಲಿ ಅಂತ ವಾಪಸ್ ಬರೆದೆ. 30 ದಿನದೊಳಗೆ ಖಾತ್ರಿ ಪತ್ರ ಕಳಿಸುತ್ತೇವೆ ಅಂದರು. ಇವತ್ತಿಗೆ 34.